ಸಂಧಿವಾತ: ತಿಳಿಯಬೇಕಾದುದು, ತಿಳಿಸಬೇಕಾದುದು

“ಕೈ ಕೆಸರಾದರೆ ಬಾಯಿ ಮೊಸರು” ಎಂಬ ಗಾದೆಯನ್ನು ನಾವೆಲ್ಲರೂ ಪ್ರಾಥಮಿಕ ಶಾಲೆಯಿಂದಲೂ ಕೇಳುತ್ತ ಬಂದಿದ್ದೇವೆ. ಅದರ ಮೇಲೆ ವಿಸ್ತರಣೆ ಬರೆದು ಅಂಕಗಳನ್ನೂ ಪಡೆದಿದ್ದೇವೆ. ಆದರೆ ಕೆಸರಾಗಲು ಸಿದ್ಧವಾಗಿರುವ ಕೈಯೇ ಒಂದು ದಿನ ಬೆಳಗ್ಗೆ ಮಡಿಸಲು ಬಾರದೆ ಹೋದರೆ ಮೊಸರು ಎಲ್ಲಿಂದ ಬರಬೇಕು? ಈ ಪ್ರಶ್ನೆ ನನಗೆ ಪುಸ್ತಕದಿಂದ ಹುಟ್ಟಿದುದಲ್ಲ, ನಮ್ಮ ಮನೆಯ ಜಗಲಿಯ ಮೇಲೆ ಹುಟ್ಟಿದುದು. ನಾನು ಕಲಾವಿಭಾಗದ ವಿದ್ಯಾರ್ಥಿನಿ. ವೈದ್ಯಕ್ಕೆ ಸಂಬಂಧಪಟ್ಟ ವಿಷಯವನ್ನು ಬರೆಯಲು ನಿನಗೇನು ಅಧಿಕಾರವೆಂದು ಯಾರಾದರೂ ಕೇಳಿದರೆ ಆ ಆಕ್ಷೇಪಣೆಯನ್ನು ತಲೆಬಾಗಿ ಒಪ್ಪಿಕೊಳ್ಳುತ್ತೇನೆ. ಆದರೆ ಈ ರೋಗದ ವಿಷಯದಲ್ಲಿ ವೈದ್ಯರು ಮಾಡತಕ್ಕ ಕೆಲಸ ಒಂದಾದರೆ, ಅಕ್ಷರ ಬಲ್ಲ ಯಾರಾದರೂ ಮಾಡಬಹುದಾದ ಕೆಲಸ ಮತ್ತೊಂದುಂಟು. ಆ ಎರಡನೆಯ ಕೆಲಸವನ್ನು ಕುರಿತು ನಾಲ್ಕು ಮಾತು ಹೇಳುವುದೇ ಈ ಲೇಖನದ ಉದ್ದೇಶ.

ನಮ್ಮ ತಾಯಿ ಹೂ ಕಟ್ಟಿ ನಮ್ಮನ್ನು ಸಾಕಿದವಳು. ಮೈಸೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಬೆಳಗಿನ ಜಾವಕ್ಕೇ ಮೊಗ್ಗು ಬಂದು ಬೀಳುತ್ತದೆ. ಬಿಸಿಲೇರುವುದರೊಳಗೆ ಅದನ್ನು ಮಾರುಗಟ್ಟಲೆ ಕಟ್ಟಿ ಪೇಟೆಗೆ ಕಳುಹಿಸಬೇಕು. ಮಾರಿಗೆ ಇಷ್ಟು ಎಂದು ಕೂಲಿ. ನನ್ನ ಶಾಲೆಯ ಶುಲ್ಕ, ಪುಸ್ತಕ, ಬಸ್ಸಿನ ಪಾಸು ಎಲ್ಲವೂ ಈ ಮಾರುಗಳ ಲೆಕ್ಕದಲ್ಲಿಯೇ ನಡೆದವು. ನಾನು ಎಸ್.ಎಸ್.ಎಲ್.ಸಿ. ತರಗತಿಯಲ್ಲಿದ್ದ ವರ್ಷ ಅವಳ ಎರಡು ಕೈಗಳ ಬೆರಳುಗಳೂ ಬೆಳಗ್ಗೆ ಏಳುವಾಗ ಮರದ ತುಂಡಿನಂತೆ ಬಿಗಿಯಲು ಮೊದಲಾದವು. ಒಂದೆರಡು ಗಂಟೆ ಕಳೆದ ಮೇಲೆ ತಾನಾಗಿ ಸಡಿಲುತ್ತಿತ್ತು. ಅಷ್ಟರಲ್ಲಿ ಹೂ ಕಟ್ಟುವ ಹೊತ್ತು ಮೀರಿರುತ್ತಿತ್ತು. “ವಾಯು” ಎಂದರು ಕೆಲವರು. “ತಣ್ಣೀರಿನಲ್ಲಿ ಕೆಲಸ ಮಾಡುತ್ತೀಯಲ್ಲ, ಅದಕ್ಕೇ” ಎಂದರು ಕೆಲವರು. ಬದನೆಕಾಯಿ ಬಿಟ್ಟಾಯಿತು, ಆಲೂಗಡ್ಡೆ ಬಿಟ್ಟಾಯಿತು, ಎಣ್ಣೆ ತಿಕ್ಕಿಸಿದ್ದಾಯಿತು, ಹರಕೆ ಹೊತ್ತದ್ದಾಯಿತು. ನೋವು ತಡೆಯಲಾರದೆ ಹೋದಾಗ ಪಕ್ಕದ ಊರಿಗೆ ಹೋಗಿ ಒಂದು ಸೂಜಿ ಹಾಕಿಸಿಕೊಂಡು ಬರುತ್ತಿದ್ದಳು. ಹದಿನೈದು ದಿನ ನೋವು ಮಾಯ. ಮತ್ತೆ ಮೊದಲಿನಂತೆಯೇ. ಹೀಗೆ ಸುಮಾರು ಮೂರು ವರ್ಷಗಳು ಹೋದವು. ರೋಗದ ಹೆಸರು ನಮಗೆ ತಿಳಿದುದು ನಾನು ಬಿ.ಎ. ಮೊದಲನೆಯ ವರ್ಷಕ್ಕೆ ಸೇರಿದ ಮೇಲೆ. ಅಷ್ಟು ಹೊತ್ತಿಗೆ ಅವಳ ಬಲಗೈಯ ಎರಡು ಬೆರಳುಗಳು ಸೊಟ್ಟಗಾಗಿದ್ದವು. ಅವು ಇಂದಿಗೂ ನೆಟ್ಟಗಾಗಿಲ್ಲ, ಇನ್ನು ಆಗುವುದೂ ಇಲ್ಲ.

ಈ ರೋಗ ಯಾವುದು? ವೈದ್ಯರು ಇದನ್ನು ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುತ್ತಾರೆ. ಕನ್ನಡದಲ್ಲಿ ಸಾಮಾನ್ಯವಾಗಿ ಸಂಧಿವಾತವೆಂದು ಕರೆಯುತ್ತೇವೆ. ತೊಂದರೆ ಇರುವುದೂ ಈ ಹೆಸರಿನಲ್ಲಿಯೇ. ವಯಸ್ಸಾದವರ ಮಂಡಿ ಸವೆದು ನೋವು ಬಂದರೂ ನಮ್ಮವರು ಅದನ್ನು ಸಂಧಿವಾತವೆನ್ನುತ್ತಾರೆ. ಎರಡೂ ಕೀಲಿನ ನೋವೇ ಆದರೂ ಕಾರಣ ಬೇರೆ, ಚಿಕಿತ್ಸೆ ಬೇರೆ. ಮಂಡಿ ಸವೆಯುವುದನ್ನು ಬಹುಮಟ್ಟಿಗೆ ಬಂಡಿಯ ಅಚ್ಚು ಸವೆದಂತೆ ಎನ್ನಬಹುದು. ರುಮಟಾಯ್ಡ್ ಸಂಧಿವಾತಕ್ಕೆ ಆ ಹೋಲಿಕೆ ಸಲ್ಲದು. ಅದಕ್ಕೆ ನಮ್ಮಲ್ಲಿ ಬೇರೊಂದು ಗಾದೆಯೇ ಇದೆ: ಬೇಲಿಯೇ ಎದ್ದು ಹೊಲ ಮೇಯ್ದಂತೆ.

ನಮ್ಮ ದೇಹದಲ್ಲಿ ರೋಗಾಣುಗಳನ್ನು ಗುರುತಿಸಿ ಹೊಡೆದೋಡಿಸುವ ಒಂದು ಕಾವಲು ವ್ಯವಸ್ಥೆ ಇದೆ. ರಕ್ತದ ಬಿಳಿಯ ಕಣಗಳೂ ಅವು ತಯಾರಿಸುವ ಪ್ರತಿಕಾಯಗಳೂ ಈ ಕಾವಲಿನ ಆಳುಗಳು. ಹೊರಗಿನವರು ಯಾರು, ಮನೆಯವರು ಯಾರು ಎಂಬ ವಿವೇಕ ಇವುಗಳಿಗೆ ಸ್ವಭಾವವಾಗಿ ಇರುತ್ತದೆ. ಕೆಲವರಲ್ಲಿ ಈ ವಿವೇಕ ಕೆಡುತ್ತದೆ. ಆಗ ಕಾವಲಿನವನೇ ಮನೆಯವರ ಮೇಲೆ ಕೈಮಾಡುತ್ತಾನೆ. ಎರಡು ಮೂಳೆಗಳು ಕೂಡುವ ಕೀಲಿನ ಒಳಭಾಗದಲ್ಲಿ ಒಂದು ತೆಳುವಾದ ಪೊರೆಯಿದ್ದು, ಅಚ್ಚಿಗೆ ಕೀಲೆಣ್ಣೆ ಹಾಕಿದಂತೆ ಅದು ಸ್ವಲ್ಪ ಸ್ವಲ್ಪವಾಗಿ ದ್ರವವನ್ನು ಒಸರಿಸುತ್ತಿರುತ್ತದೆ. ರುಮಟಾಯ್ಡ್ ಸಂಧಿವಾತದಲ್ಲಿ ದಾಳಿ ನಡೆಯುವುದು ಮುಖ್ಯವಾಗಿ ಈ ಪೊರೆಯ ಮೇಲೆ. ಪೊರೆ ಉರಿಗೊಂಡು ಊದುತ್ತದೆ, ದಪ್ಪವಾಗಿ ಬೆಳೆಯುತ್ತದೆ, ಬರಬರುತ್ತ ಪಕ್ಕದ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯುತ್ತದೆ. ಹಾನಿ ಕೀಲಿಗೇ ಮುಗಿಯುವುದಿಲ್ಲ. ಶ್ವಾಸಕೋಶ, ಕಣ್ಣು, ಹೃದಯಗಳಿಗೂ ತಟ್ಟಬಹುದು. ರೋಗಿಗೆ ಸದಾ ಆಯಾಸವಿರುತ್ತದೆ. ಈ ಆಯಾಸವನ್ನು ಹೊರಗಿನವರು ಸೋಮಾರಿತನವೆಂದು ತಿಳಿಯುತ್ತಾರೆ. ಬೆಳಗ್ಗೆ ಕೊಡ ಎತ್ತಲಾರದ ಸೊಸೆ ಮಧ್ಯಾಹ್ನ ಸರಿಯಾಗಿ ಓಡಾಡಿದರೆ ಅವಳದು ನಟನೆಯೆಂಬ ಮಾತು ಹುಟ್ಟುತ್ತದೆ. ಆದರೆ ಬೆಳಗಿನ ಬಿಗಿತ ಈ ರೋಗದ ಮುಖ್ಯ ಲಕ್ಷಣ, ನಟನೆಯಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಪ್ರಪಂಚದಲ್ಲಿ ಸುಮಾರು 1 ಕೋಟಿ 80 ಲಕ್ಷ ಜನರಿಗೆ ಈ ರೋಗವಿತ್ತು. ಅವರಲ್ಲಿ ನೂರಕ್ಕೆ ಸುಮಾರು 70 ಮಂದಿ ಹೆಂಗಸರು. ಇದು ಮುದುಕರ ರೋಗವೆಂಬುದು ತಪ್ಪು ತಿಳುವಳಿಕೆ. ದುಡಿಯುವ ವಯಸ್ಸಿನಲ್ಲಿಯೇ ಬಹಳ ಜನಕ್ಕೆ ಬರುತ್ತದೆ. ಇದರ ಬಂಧುಗಳಾದ ಬೇರೆ ಕೀಲುರೋಗಗಳೂ ಉಂಟು. ಬೆನ್ನುಮೂಳೆಯನ್ನು ಹಿಡಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ನಮ್ಮ ವಯಸ್ಸಿನ ತರುಣರಲ್ಲಿಯೇ ಮೊದಲಾಗುವುದು ಹೆಚ್ಚು. ಅದರ ಸೊಂಟನೋವು ವಿಶ್ರಾಂತಿಯಿಂದ ಹೆಚ್ಚಿ ಓಡಾಟದಿಂದ ಕಡಿಮೆಯಾಗುತ್ತದೆ. ಸೋರಿಯಾಸಿಸ್ ಎಂಬ ಚರ್ಮರೋಗದ ಜೊತೆಗೆ ಬರುವ ಸಂಧಿವಾತವೊಂದುಂಟು. ಹದಿನಾರು ವರ್ಷದೊಳಗಿನ ಮಕ್ಕಳಿಗೆ ಬರುವುದೂ ಒಂದುಂಟು.

ಹಾಗಾದರೆ ಸಾಮಾನ್ಯರು ಇದನ್ನು ಅನುಮಾನಿಸುವುದು ಹೇಗೆ? ವೈದ್ಯರು ಮೂರು ಗುರುತುಗಳನ್ನು ಹೇಳುತ್ತಾರೆ. ಒಂದು, ಬೆಳಗ್ಗೆ ಎದ್ದಾಗ ಕೀಲುಗಳ ಬಿಗಿತ ಅರ್ಧ ಗಂಟೆಗೂ ಮೀರಿ ಇರುವುದು. ಎರಡು, ಮೂರು ಅಥವಾ ಹೆಚ್ಚು ಕೀಲುಗಳಲ್ಲಿ ಊತ ಕಾಣುವುದು. ಮೂರು, ಬೆರಳುಗಳ ಬುಡದ ಗೆಣ್ಣುಗಳನ್ನು ಅಡ್ಡಲಾಗಿ ಹಿಡಿದು ಮೆಲ್ಲಗೆ ಅದುಮಿದರೆ ನೋಯುವುದು. ಸಾಮಾನ್ಯವಾಗಿ ಎಡಗೈಯಲ್ಲಿ ಇದ್ದದ್ದು ಬಲಗೈಯಲ್ಲಿಯೂ ಇರುತ್ತದೆ. ಇವು ಆರು ವಾರಗಳವರೆಗೆ ಬಿಡದೆ ಇದ್ದರೆ ಕೀಲುರೋಗ ಬಲ್ಲ ವೈದ್ಯರನ್ನು ಕಾಣಲೇಬೇಕು. ರಕ್ತಪರೀಕ್ಷೆಗಳಿವೆ. ಆದರೆ ಪರೀಕ್ಷೆಯಲ್ಲಿ ಕಾಣದಿದ್ದ ಮಾತ್ರಕ್ಕೆ ರೋಗವಿಲ್ಲವೆಂದಾಗಲಿ, ಕಂಡ ಮಾತ್ರಕ್ಕೆ ಇದೆಯೆಂದಾಗಲಿ ಹೇಳಲಾಗದು. ಕೈಯನ್ನು ಹಿಡಿದು ನೋಡಿ ತಿಳಿಯಬೇಕಾದ ರೋಗವಿದು.

ಇಲ್ಲಿ ಇತಿಹಾಸದ ವಿದ್ಯಾರ್ಥಿನಿಯಾಗಿ ಸ್ವಲ್ಪ ಹಿಂದಕ್ಕೆ ಹೋಗಲು ಅಪ್ಪಣೆ ಬೇಡುತ್ತೇನೆ. ನಮ್ಮ ಆಯುರ್ವೇದದ ‘ಮಾಧವನಿದಾನ’ದಲ್ಲಿ ಆಮವಾತವೆಂಬ ರೋಗದ ಪ್ರತ್ಯೇಕ ಅಧ್ಯಾಯವೇ ಇದೆ. ಪ್ಯಾರಿಸ್ಸಿನಲ್ಲಿ ಲಾಂದ್ರೆ-ಬೋವೆ ಎಂಬ ತರುಣ ವೈದ್ಯನು 1800ರಲ್ಲಿ ತನ್ನ ಪ್ರಬಂಧದಲ್ಲಿ ಈ ರೋಗವನ್ನು ವರ್ಣಿಸಿದನು. ಇಂದಿನ ಹೆಸರನ್ನು ಇಟ್ಟವನು ಇಂಗ್ಲೆಂಡಿನ ಆಲ್ಫ್ರೆಡ್ ಗ್ಯಾರಡ್, 1859ರಲ್ಲಿ. 1948ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಕಾರ್ಟಿಸೋನ್ ಎಂಬ ವಸ್ತುವನ್ನು ರೋಗಿಯೊಬ್ಬಳಿಗೆ ಕೊಟ್ಟಾಗ ಹಾಸಿಗೆ ಹಿಡಿದಿದ್ದವಳು ಕೆಲವೇ ದಿನಗಳಲ್ಲಿ ಎದ್ದು ನಡೆದಳು. ಪ್ರಪಂಚವೇ ಬೆರಗಾಯಿತು. 1950ರಲ್ಲಿ ಹೆಂಚ್‌ಗೂ ಇನ್ನಿಬ್ಬರು ವಿಜ್ಞಾನಿಗಳಿಗೂ ನೊಬೆಲ್ ಪಾರಿತೋಷಕ ಬಂದಿತು. ಆದರೆ ಬೆರಗು ಬಹುಕಾಲ ನಿಲ್ಲಲಿಲ್ಲ. ಈ ಜಾತಿಯ ಔಷಧವನ್ನು ಹೆಚ್ಚಾಗಿ ಬಹುಕಾಲ ಸೇವಿಸಿದರೆ ಮೂಳೆ ಟೊಳ್ಳಾಗುತ್ತದೆ, ಸಕ್ಕರೆ ಕಾಯಿಲೆ ತಲೆಯೆತ್ತುತ್ತದೆ, ಮುಖ ಊದುತ್ತದೆ. ಊರೂರಿನಲ್ಲಿ ಹೆಸರು ಹೇಳದೆ ಹಾಕುವ “ನೋವಿನ ಸೂಜಿ”ಯಲ್ಲಿ ಎಷ್ಟೋ ವೇಳೆ ಇರುವುದು ಇದರ ಬಂಧುವೇ. ವೈದ್ಯರು ಅಳೆದು ಕೆಲವು ಕಾಲ ಕೊಟ್ಟರೆ ಅದು ಉಪಕಾರಿ. ಯಾರೋ ಅಳತೆಯಿಲ್ಲದೆ ಕೊಟ್ಟರೆ ರೋಗವನ್ನು ಮುಚ್ಚಿಟ್ಟು ಕಾಲವನ್ನು ಕಳೆಯುತ್ತದೆ.

ಕಾಲ ಕಳೆಯುವುದೇ ಇಲ್ಲಿ ದೊಡ್ಡ ನಷ್ಟ. ಮೂಳೆಗೆ ಆಗುವ ಹಾನಿ ಮೊದಲ ಎರಡು ವರ್ಷಗಳಲ್ಲಿಯೇ ಆರಂಭವಾಗುವುದುಂಟು. ಆದ ಹಾನಿಯನ್ನು ಔಷಧ ಹಿಂತಿರುಗಿಸಲಾರದು, ಆಗಲಿರುವುದನ್ನು ತಡೆಯಬಲ್ಲದು. ಮುಖ್ಯವಾದ ಔಷಧ ಮೆಥೊಟ್ರೆಕ್ಸೇಟ್. ಮೊದಲು ಕ್ಯಾನ್ಸರಿಗೆಂದು ಬಂದ ಇದನ್ನು ಬಹು ಸಣ್ಣ ಪ್ರಮಾಣದಲ್ಲಿ ಈ ರೋಗಕ್ಕೆ ಕೊಡಲು ಅಮೆರಿಕದಲ್ಲಿ 1988ರಲ್ಲಿ ಅನುಮತಿ ದೊರೆಯಿತು. ಬೆಲೆಯೂ ಕಡಿಮೆ. 1990ರ ದಶಕದಲ್ಲಿ ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಅವರೂ ಲೂಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿಯವರೂ ಉರಿಯೂತಕ್ಕೆ ಮೂಲವಾದ ಒಂದು ವಸ್ತುವನ್ನೇ ತಡೆಯುವ ಹೊಸ ಬಗೆಯ ಚಿಕಿತ್ಸೆಯನ್ನು ತೋರಿಸಿಕೊಟ್ಟರು. ಅವು ಬೆಲೆಯುಳ್ಳ ಔಷಧಗಳು. ಆದರೆ ಮೊದಲನೆಯ ಮೆಟ್ಟಿಲು ಇಂದಿಗೂ ಸಾಮಾನ್ಯವಾಗಿ ಮೆಥೊಟ್ರೆಕ್ಸೇಟೇ.

ಈ ಮಾತ್ರೆಯ ವಿಷಯದಲ್ಲಿ ನಮ್ಮ ಮನೆಯಲ್ಲಿ ನಡೆದುದನ್ನು ಹೇಳದೆ ಮುಂದೆ ಹೋಗಲಾರೆ. ರೋಗ ಗೊತ್ತಾಗಿ, ವೈದ್ಯರು ಚೀಟಿ ಬರೆದುಕೊಟ್ಟ ಮೇಲೆ ಅಮ್ಮನನ್ನು ಊರಿನ ಬಸ್ಸು ಹತ್ತಿಸಿ ನಾನು ವಿದ್ಯಾರ್ಥಿನಿಲಯಕ್ಕೆ ಬಂದೆ. ಚೀಟಿ ಇಂಗ್ಲಿಷಿನಲ್ಲಿತ್ತು. ಬಸ್ ನಿಲ್ದಾಣದಲ್ಲಿ ಅದನ್ನು ನಾನು ಓದಿದ್ದೆ. ವಾರಕ್ಕೊಮ್ಮೆ ಎಂಬುದನ್ನು ಕಂಡೂ ಇದ್ದೆ. ಅವಳಿಗೆ ಯಾರಾದರೂ ಹೇಳಿಯೇ ಇರುತ್ತಾರೆಂದು ಸುಮ್ಮನಾದೆ. ಔಷಧದ ಅಂಗಡಿಯಲ್ಲಿ ಹೇಳಿದುದು “ರಾತ್ರಿ ಊಟ ಆದ್ಮೇಲೆ ತಗೊಳ್ಳಿ” ಎಂದಷ್ಟೇ. ಅಮ್ಮ ಪ್ರತಿರಾತ್ರಿಯೂ ತೆಗೆದುಕೊಂಡಳು. ಹತ್ತನೆಯ ದಿನ ಪಕ್ಕದ ಮನೆಯವರು ಫೋನು ಮಾಡಿದರು: ಬಾಯಿ ತುಂಬ ಹುಣ್ಣಾಗಿದೆ, ನೀರು ಇಳಿಯುತ್ತಿಲ್ಲ, ಜ್ವರ ಬಂದಿದೆ. ಆಸ್ಪತ್ರೆಯಲ್ಲಿ ವೈದ್ಯರು ಮಾತ್ರೆಯ ಪಟ್ಟಿಯನ್ನು ನೋಡಿ, “ಇದನ್ನ ದಿನಾ ತಗೊಂಡ್ರಾ ಅಮ್ಮಾ?” ಎಂದು ಕೇಳಿದರು. “ಹೂಂ ಸ್ವಾಮಿ, ಒಂದು ದಿನಾನೂ ತಪ್ಪಿಸಿಲ್ಲ” ಎಂದಳು. ಚೆನ್ನಾಗಿ ಪಾಲಿಸಿದೆನೆಂಬ ಹೆಮ್ಮೆ ಆ ಮಾತಿನಲ್ಲಿತ್ತು. ವೈದ್ಯರು ಹೆಚ್ಚೇನೂ ಮಾತನಾಡಲಿಲ್ಲ. ಒಡನೆಯೇ ಒಳಗೆ ಸೇರಿಸಿಕೊಂಡರು.

ವಾರಕ್ಕೊಮ್ಮೆ ತೆಗೆದುಕೊಳ್ಳಬೇಕಾದ ಈ ಮಾತ್ರೆಯನ್ನು ದಿನವೂ ತೆಗೆದುಕೊಂಡರೆ ಮೂಳೆಯ ಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುವುದು ನಿಲ್ಲುತ್ತದೆ. ಪ್ರಾಣಕ್ಕೇ ಅಪಾಯ. ಅಮ್ಮ ಉಳಿದಳು. ಆಸ್ಪತ್ರೆಯಲ್ಲಿದ್ದಷ್ಟು ರಾತ್ರಿಯೂ ನಾನು ಅವಳ ಮಂಚದ ಪಕ್ಕದಲ್ಲಿ ಕುಳಿತು ಒಂದೇ ವಿಷಯವನ್ನು ಯೋಚಿಸಿದೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಆ ಚೀಟಿಯನ್ನು ಓದಬಲ್ಲವಳೂ ನಾನೊಬ್ಬಳೇ. ಓದಿ ಹೇಳದೆ ಹೋದೆ. ಓದು ಬಾರದವರಿಗೂ ಓದಿ ಹೇಳದವರಿಗೂ ಫಲದಲ್ಲಿ ಯಾವ ಭೇದವೂ ಇಲ್ಲ.

ಜನರಲ್ಲಿ ತಿಳಿವಳಿಕೆ ಮೂಡಿಸುವುದು ಎಂದರೆ ಭಾಷಣ, ಮೆರವಣಿಗೆ, ಭಿತ್ತಿಪತ್ರ ಎಂದು ನಾನೂ ಭಾವಿಸಿದ್ದೆ. ಅದು ನಿಜವಾಗಿ ಏನೆಂಬುದನ್ನು ತೋರಿಸಿದವರು ಪ್ರಪಂಚದಲ್ಲಿ ಹಲವರಿದ್ದಾರೆ. ಆರ್ಥರ್ ಮೇನ್ವಾರಿಂಗ್ ಬೋವೆನ್ ಎಂಬ ಇಂಗ್ಲಿಷ್ ತರುಣನಿಗೆ ಬೆನ್ನುಮೂಳೆಯ ಸಂಧಿವಾತವಿತ್ತು. ಅವನು 1947ರಲ್ಲಿ ರೋಗಿಗಳದೇ ಆದ ಒಂದು ಸಂಘವನ್ನು ಕಟ್ಟಿದನು. ಮುಂದೆ ಅದು ಆರ್ಥ್ರೈಟಿಸ್ ಕೇರ್ ಎಂಬ ಹೆಸರಿನಿಂದ ಬೆಳೆದು, ಆಮೇಲೆ ಇನ್ನೊಂದು ಸಂಸ್ಥೆಯೊಡನೆ ಕೂಡಿಕೊಂಡಿತು. ರೋಗಿಯ ನೋವನ್ನು ರೋಗಿಯೇ ಮುಂದೆ ನಿಂತು ಹೇಳಬೇಕೆಂಬುದೇ ಅಂಥ ಸಂಘದ ತಿರುಳು. 1996ರಿಂದ ಅಕ್ಟೋಬರ್ 12ನೆಯ ದಿನಾಂಕವನ್ನು ವಿಶ್ವ ಸಂಧಿವಾತ ದಿನವೆಂದು ಆಚರಿಸಲಾಗುತ್ತಿದೆ. ದೇಹದ ಕಾವಲೇ ತಿರುಗಿಬೀಳುವ ಜಾತಿಯ ಸಂಧಿವಾತಗಳಿಗೆಂದೇ ಮೇ 20ನ್ನು ಮೀಸಲಿಟ್ಟಿದ್ದಾರೆ.

ಇನ್ನೂ ಹತ್ತಿರದ ನಿದರ್ಶನ ಬೇಕೆಂದರೆ ಮಹಾರಾಷ್ಟ್ರದ ಪುಣೆ ಜಿಲ್ಲೆಯ ಭಿಗ್ವಣ ಎಂಬ ಹಳ್ಳಿಯನ್ನು ನೋಡಬಹುದು. 1996ರಲ್ಲಿ ಡಾ. ಅರವಿಂದ ಚೋಪ್ರಾ ಅವರ ನೇತೃತ್ವದಲ್ಲಿ ಅಲ್ಲಿ ಕೀಲುನೋವಿನ ಸಮೀಕ್ಷೆ ನಡೆಯಿತು. ತರಬೇತು ಪಡೆದ ಹಳ್ಳಿಯ ಸ್ವಯಂಸೇವಕರೇ ಮನೆಮನೆಗೆ ಹೋಗಿ ನಾಲ್ಕು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ವಿಚಾರಿಸಿದರು. ನೋವಿದ್ದವರನ್ನು ವೈದ್ಯರು ಪರೀಕ್ಷಿಸಿದರು. ನಮ್ಮ ಹಳ್ಳಿಗಳಲ್ಲಿ ಕೀಲುನೋವು ಎಷ್ಟು ವ್ಯಾಪಕವೆಂಬುದು ಹೀಗೆ ಬೆಳಕಿಗೆ ಬಂದಿತು. ಪ್ರಶ್ನೆ ಕೇಳಲು ಹಳ್ಳಿಯವರು, ಪರೀಕ್ಷಿಸಲು ವೈದ್ಯರು ಎಂಬ ಈ ಹಂಚಿಕೆ ನನಗೆ ಬಹಳ ಹಿಡಿಸಿತು.

ಕಳೆದ ವರ್ಷದ ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ಇದನ್ನೇ ಚಿಕ್ಕದಾಗಿ ಮಾಡಿ ನೋಡಿದೆವು. ಬೆಳಗ್ಗೆ ರಸ್ತೆ ಗುಡಿಸುವುದು, ಚರಂಡಿ ತೋಡುವುದು. ಮಧ್ಯಾಹ್ನ ಇಬ್ಬಿಬ್ಬರಾಗಿ ಆಶಾ ಕಾರ್ಯಕರ್ತೆಯವರೊಡನೆ ಮನೆಗಳಿಗೆ ಹೋಗುವುದು. ನಮ್ಮ ಪ್ರಶ್ನೆ ಒಂದೇ: “ಬೆಳಗ್ಗೆ ಎದ್ದಾಗ ಕೈ ಮಡಿಸೋಕೆ ಎಷ್ಟು ಹೊತ್ತು ಬೇಕಾಗುತ್ತೆ, ಅಮ್ಮಾ?” ಮೊದಲ ದಿನ ಜನ ನಕ್ಕರು. ಮೂರನೆಯ ದಿನ ಅವರಾಗಿಯೇ ಕರೆದು ಕೈ ತೋರಿಸಿದರು. ಆಸ್ಪತ್ರೆಗೆ ನಾವು ಕರೆದುಕೊಂಡು ಹೋದವರಲ್ಲಿ ಹೆಚ್ಚಿನವರದು ಮಂಡಿ ಸವೆತವೇ. ಇಬ್ಬರಿಗೆ ಮಾತ್ರ ಈ ರೋಗವಿತ್ತು. ಒಬ್ಬಳು ನಮಗಿಂತ ಸ್ವಲ್ಪ ದೊಡ್ಡವಳು. ಮದುವೆಯ ಮಾತು ನಡೆಯುತ್ತಿದ್ದುದರಿಂದ ಮನೆಯವರು ಅವಳ ಕೈಯನ್ನು ಸೆರಗಿನೊಳಗೆ ಮುಚ್ಚಿಸಿದ್ದರು. ಮುಚ್ಚಿಟ್ಟರೆ ಕೈ ಸೊಟ್ಟಗಾಗುತ್ತದೆ, ತೋರಿಸಿದರೆ ಹೆಣ್ಣು ಮನೆಯಲ್ಲಿ ಉಳಿಯುತ್ತಾಳೆ ಎಂಬ ಭಯ. ಅವಳ ತಾಯಿಗೆ ಸಮಾಧಾನ ಹೇಳಿದವಳು ನಾನಲ್ಲ. ನನ್ನ ಜೊತೆಗೆ ಬಂದಿದ್ದ ನಮ್ಮ ಅಮ್ಮ. ಸೊಟ್ಟಗಾದ ಬೆರಳುಗಳನ್ನು ಚಾಚಿ, “ನೋಡವ್ವಾ, ಮೂರು ವರ್ಷ ನಾನೂ ಮುಚ್ಚಿಟ್ಟಿದ್ದಕ್ಕೆ ಇದು” ಎಂದಳು. ನಮ್ಮ ಭಿತ್ತಿಪತ್ರಗಳೆಲ್ಲ ಸೇರಿ ಮಾಡದ ಕೆಲಸವನ್ನು ಆ ಒಂದು ಮಾತು ಮಾಡಿತು. ಆ ಹುಡುಗಿಗೆ ಈಗ ಚಿಕಿತ್ಸೆ ನಡೆಯುತ್ತಿದೆ. ಮೆಥೊಟ್ರೆಕ್ಸೇಟ್ ಗರ್ಭಕ್ಕೆ ಹಾನಿಕರವಾದುದರಿಂದ ಮಕ್ಕಳಾಗಬೇಕೆಂದಾಗ ಮುಂಚಿತವಾಗಿಯೇ ವೈದ್ಯರಿಗೆ ಹೇಳಿ ಔಷಧವನ್ನು ಬದಲಾಯಿಸಿಕೊಳ್ಳಬೇಕೆಂಬುದನ್ನೂ ಅವಳಿಗೆ ತಿಳಿಸಲಾಗಿದೆ. ಈ ರೋಗವಿರುವವರು ಮದುವೆಯಾಗಬಾರದೆಂಬುದಕ್ಕೆ ಯಾವ ಆಧಾರವೂ ಇಲ್ಲ.

ಸ್ವಯಂಸೇವಕರು ತಮ್ಮ ಮೇರೆಯನ್ನು ಅರಿತಿರಬೇಕು. ರೋಗದ ಹೆಸರು ಹೇಳುವ, ಔಷಧ ಸೂಚಿಸುವ, ಗುಣವಾಗುತ್ತದೆಂದು ಮಾತು ಕೊಡುವ ಅಧಿಕಾರ ನಮಗಿಲ್ಲ. ಬಾಯಿಮಾತಿನಲ್ಲಿ ಕೇಳಿದುದನ್ನು ಊರಿಗೆಲ್ಲ ಹರಡುವಂತಿಲ್ಲ. ಆದರೆ ಮಾಡಬಹುದಾದ ಕೆಲಸಗಳು ಕಡಿಮೆಯಲ್ಲ. ಚೀಟಿಯನ್ನು ಓದಿ ಹೇಳಬಹುದು. ಮಾತ್ರೆಯ ಪೊಟ್ಟಣದ ಮೇಲೆ “ಸೋಮವಾರ ಮಾತ್ರ” ಎಂದು ದಪ್ಪ ಅಕ್ಷರದಲ್ಲಿ ಬರೆಯಬಹುದು. ಓದು ಬಾರದವರಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಗಳಿಗೆ ಕೆಂಪು ಸುತ್ತು ಹಾಕಬಹುದು. ರಕ್ತಪರೀಕ್ಷೆಯ ದಿನ ಜೊತೆಗೆ ಹೋಗಬಹುದು. ಔಷಧದ ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು, ಅಷ್ಟರಲ್ಲಿ ಬಿಡಬೇಡಿ ಎಂದು ಧೈರ್ಯ ಹೇಳಬಹುದು. ಬೀಡಿ ಸಿಗರೇಟು ಈ ರೋಗವನ್ನು ಹೆಚ್ಚಿಸುತ್ತವೆಂದು ಗಂಡಸರಿಗೆ ತಿಳಿಸಬಹುದು. ಇದಕ್ಕೆ ಹಣ ಬೇಡ, ಪದವಿ ಬೇಡ.

ಈ ರೋಗ ಬಂದರೆ ಬಾಳು ಮುಗಿಯಿತೆಂದು ತಿಳಿಯುವವರಿಗೆ ಒಂದು ಉದಾಹರಣೆ ಹೇಳಬಯಸುತ್ತೇನೆ. ಡೊರೋತಿ ಹಾಡ್ಜ್‌ಕಿನ್ ಎಂಬ ಇಂಗ್ಲೆಂಡಿನ ವಿಜ್ಞಾನಿಗೆ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿಯೇ, 1934ರಲ್ಲಿ, ಈ ರೋಗವೆಂದು ತಿಳಿಯಿತು. ಬೆರಳುಗಳು ತಿರುಚಿಕೊಂಡರೂ ಆಕೆ ಹರಳುಗಳ ಸೂಕ್ಷ್ಮ ಕೆಲಸವನ್ನು ಬಿಡಲಿಲ್ಲ. 1964ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದರು, 1969ರಲ್ಲಿ ಇನ್ಸುಲಿನ್ನಿನ ರಚನೆಯನ್ನು ಬಿಡಿಸಿದರು. ಎಲ್ಲರೂ ಹಾಡ್ಜ್‌ಕಿನ್ ಆಗಲಾರರು, ನಿಜ. ನಮ್ಮ ಅಮ್ಮನಿಗೆ ಬೇಕಾದುದು ನೊಬೆಲ್ ಪಾರಿತೋಷಕವಲ್ಲ, ದಿನಕ್ಕೆ ನಾಲ್ಕು ಮಾರು ಹೂ ಕಟ್ಟುವ ಶಕ್ತಿ. ಈಗ ಅವಳು ವೈದ್ಯರು ಹೇಳಿದಂತೆ ವಾರಕ್ಕೊಮ್ಮೆ, ಸೋಮವಾರದಂದು ಮಾತ್ರೆ ತೆಗೆದುಕೊಳ್ಳುತ್ತಾಳೆ. ಅದು ನಂಜುಂಡನ ವಾರ, ಅವಳು ಮರೆಯುವವಳಲ್ಲ. ಮೊದಲಿನಷ್ಟು ಕಟ್ಟಲಾರಳು. ಆದರೆ ಕಟ್ಟುತ್ತಾಳೆ.

ಪ್ರಿಯ ಸಹಪಾಠಿಗಳೇ, ನಮ್ಮ ಕಾಲೇಜಿನಲ್ಲಿ ನನ್ನಂತೆಯೇ ಮನೆಯಲ್ಲಿ ಮೊದಲು ಓದಿದವರು ಬಹುಮಂದಿ ಇದ್ದೀರಿ. ಈ ಸಂಚಿಕೆಯನ್ನು ರಜೆಗೆ ಊರಿಗೆ ಕೊಂಡೊಯ್ದಾಗ ಒಂದು ಕೆಲಸ ಮಾಡಿ. ಮನೆಯಲ್ಲಿರುವ ಔಷಧದ ಚೀಟಿಗಳನ್ನೆಲ್ಲ ತೆಗೆದು ಒಂದೊಂದನ್ನೇ ಗಟ್ಟಿಯಾಗಿ ಓದಿ ಹೇಳಿ. ಅರ್ಥವಾಗದ್ದನ್ನು ವೈದ್ಯರಲ್ಲಿಗೆ ಹೋಗಿ ಕೇಳಿ. ತಾಯಿಯ ಕೈಯನ್ನೊಮ್ಮೆ ಹಿಡಿದು ನೋಡಿ. ಬೆಳಗ್ಗೆ ಎಷ್ಟು ಹೊತ್ತು ಬಿಗಿದಿರುತ್ತದೆಂದು ಕೇಳಿ. ಪೂಜ್ಯ ಅಧ್ಯಾಪಕರಲ್ಲಿಯೂ ಒಂದು ಬಿನ್ನಹ: ಬರುವ ಅಕ್ಟೋಬರ್ 12ರಂದು ನಮ್ಮ ಸೇವಾ ಯೋಜನೆಯ ಘಟಕದಿಂದ ಸುತ್ತಲಿನ ಎರಡು ಹಳ್ಳಿಗಳಿಗಾದರೂ ಹೋಗಿ ಬರಲು ಅವಕಾಶ ಮಾಡಿಕೊಡಬೇಕು. ಆ ಹೊತ್ತಿಗೆ ನಾನು ಈ ಕಾಲೇಜಿನಲ್ಲಿ ಇರುವುದಿಲ್ಲ. ಆದರೆ ಕರೆದರೆ ಬರುತ್ತೇನೆ, ಅಮ್ಮನನ್ನೂ ಕರೆತರುತ್ತೇನೆ.

— ಅಂತಿಮ ಬಿ.ಎ. ವಿದ್ಯಾರ್ಥಿನಿ